ಚಿಕ್ಕಪ್ಪನ ಲೇತು, ನಮ್ಮಪ್ಪನ ತಕ್ಕಡಿ

ಭದ್ರಾವತಿಯ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಊರಿನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನಗಬೇಡಿ. ಆ ಊರು ನನ್ನ ಚಿಕ್ಕಪ್ಪನ ಮಗಳದಾಗಿತ್ತು, ನನ್ನದಾಗಿರಲಿಲ್ಲ, ಅಷ್ಟೇ.

ನಮ್ಮಪ್ಪನದು ಶಿವಮೊಗ್ಗದ ಕೋಟೆ ಬೀದಿಯಲ್ಲಿ ಒಂದು ದಿನಸಿ ಅಂಗಡಿ. ಬೆಲ್ಲದ ಅಂಟು, ಮೆಣಸಿನಕಾಯಿ ಘಾಟು, ತೂಗುಹಾಕಿದ ಹಳೇ ತಕ್ಕಡಿ. ಚಿಕ್ಕಪ್ಪ ಮಾತ್ರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ಅವರಿಗೆ ಕ್ವಾರ್ಟರ್ಸು, ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು. ನನ್ನ ವಾರಗೆಯ ಅವರ ಮಗಳು ಮೂರು ಭಾಷೆಯಲ್ಲಿ ಜಗಳ ಆಡುತ್ತಿದ್ದಳು. ಸೈರನ್ ಕೂಗಿದ ಮೇಲೆಯೇ ಚಿಕ್ಕಮ್ಮ ಅನ್ನಕ್ಕೆ ಇಡುವುದು. ಗಾಳಿ ತಿರುಗಿದರೆ ಅದೇ ಊರಿನ ಕಾಗದದ ಕಾರ್ಖಾನೆಯ ಕೆಟ್ಟ ವಾಸನೆ. ಅದನ್ನೂ ಅವಳು ಜಂಬದಿಂದಲೇ ಉಸಿರಾಡುತ್ತಿದ್ದಳು. ಕಾಡಿನ ಸೌದೆ ಸುಟ್ಟು ಇದ್ದಿಲು ಮಾಡಿ, ಅದರಲ್ಲಿ ಕಬ್ಬಿಣ ಕರಗಿಸುತ್ತಿದ್ದ ಕಾಲದ ಕಥೆಯನ್ನು ತಾನೇ ಕುಲುಮೆ ಊದಿದವಳ ಹಾಗೆ ಹೇಳುತ್ತಿದ್ದಳು. ನನಗೆ ಹೇಳಲು ಏನಿತ್ತು? ತೊಗರಿಬೇಳೆ.

ಆಯುಧಪೂಜೆಯ ದಿನ ಮನೆಯವರನ್ನೂ ಕಾರ್ಖಾನೆಯೊಳಗೆ ಬಿಡುತ್ತಿದ್ದರು. ಅಂಗಡಿ ಪೂಜೆ ಮುಗಿಸಿ ನಾವೆಲ್ಲ ಬಸ್ಸು ಹತ್ತುತ್ತಿದ್ದೆವು. ದೊಡ್ಡ ಗೇಟು, ಕತ್ತು ನೋಯುವಷ್ಟು ಎತ್ತರದ ಚಿಮಣಿ, ಒಳಗೇ ಹಾದುಹೋಗುವ ರೈಲು ಹಳಿ. ಚಿಕ್ಕಪ್ಪನ ಲೇತಿಗೆ ಬಾಳೆಕಂದು, ಚೆಂಡುಹೂ. ಕುಂಕುಮ ಇಡುವವಳು ಅವಳೇ. ಒಂದು ವರ್ಷ ನಾನೂ ಬೆರಳಿಗೆ ಕುಂಕುಮ ಹಚ್ಚಿಕೊಂಡು ಕೈ ಚಾಚಿದೆ.

“ಮುಟ್ಬೇಡ, ಅದು ನಮ್ಮಪ್ಪಂದು” ಅಂದಳು.

ದೊಡ್ಡವರು ನಕ್ಕರು. ನಾನು ಕುಂಕುಮವನ್ನು ಲಂಗಕ್ಕೆ ಒರೆಸಿಕೊಂಡೆ. ಆವತ್ತು ಕೊಟ್ಟ ಬೂಂದಿಯನ್ನು ಅಣ್ಣನಿಗೆ ಕೊಟ್ಟುಬಿಟ್ಟೆ.

ಈಗ ಕಾಗದದ ಕಾರ್ಖಾನೆ ಮುಚ್ಚಿದೆ. ಕಬ್ಬಿಣದ್ದು ಇದ್ದೂ ಇಲ್ಲದ ಹಾಗಿದೆ. ಚಿಕ್ಕಪ್ಪನ ಕ್ವಾರ್ಟರ್ಸಿನ ಹೆಂಚು ಕುಸಿದು ಒಳಗೆ ಲಂಟಾನ ಬೆಳೆದಿದೆ. ಅವಳು ಭದ್ರಾವತಿಯಲ್ಲೇ, ಜನ್ನಾಪುರದಲ್ಲಿ ಮನೆ ಮಾಡಿಕೊಂಡಿದ್ದಾಳೆ. ನನಗೆ ಸಮಾಧಾನ ಆಗಬೇಕಿತ್ತಲ್ಲ? ಆಗಲಿಲ್ಲ. ನೆಂಟರು ಬಂದರೆ ಅವಳೇ ಕಾರ್ಖಾನೆಯ ಕಡೆ ಕರೆದುಕೊಂಡು ಹೋಗಿ, ಇಲ್ಲಿ ಕ್ಯಾಂಟೀನಿತ್ತು, ಇಲ್ಲಿ ಅಪ್ಪ ಸೈಕಲ್ ನಿಲ್ಲಿಸುತ್ತಿದ್ದರು ಎಂದು ತೋರಿಸುತ್ತಾಳೆ. ಎಲ್ಲರ ಕಣ್ಣೂ ಒದ್ದೆ. ಹಾಳುಬಿದ್ದದ್ದರಲ್ಲೂ ಅವಳದೇ ಮೇಲುಗೈ. ನಮ್ಮ ಅಂಗಡಿಯ ಮುಂದೆ ಯಾರೂ ನಿಂತು ಕಣ್ಣೀರು ಹಾಕುವುದಿಲ್ಲ, ಅದು ನಡೆಯುತ್ತಿದೆಯಲ್ಲ.

ಈ ಸಲದ ಆಯುಧಪೂಜೆಗೆ ಅವಳ ಮನೆಗೆ ಹೋಗಿದ್ದೆ. ಮಣೆಯ ಮೇಲೆ ತೀರಿಹೋದ ಚಿಕ್ಕಪ್ಪನ ಹೆಲ್ಮೆಟ್ಟು, ಒಂದು ಸ್ಪ್ಯಾನರು, ಎರಡಕ್ಕೂ ಹೂ. ಅವಳು ಕುಂಕುಮದ ಬಟ್ಟಲನ್ನು ನನ್ನ ಕಡೆ ಸರಿಸಿ, “ನೀನೇ ಇಡು” ಅಂದಳು. ಇಟ್ಟೆ.

“ಅಂಗಡಿ ಪೂಜೆ ಆಯ್ತಾ?” ಎಂದು ಕೇಳಿದಳು.

“ಆಯ್ತು. ಅಣ್ಣ ತಕ್ಕಡಿಗೆ ಹೂ ಹಾಕ್ದ. ಬೆಲ್ಲ ಇನ್ನೂ ಅದ್ರಲ್ಲೇ ತೂಗ್ತಾನೆ.”

ಅವಳು ಹೆಲ್ಮೆಟ್ಟಿನ ಮೇಲಿನ ಹೂ ಸರಿಮಾಡಿದಳು.

“ಹಬ್ಬ ಮುಗಿದ್ರೆ ನಿಮ್ಮ ತಕ್ಕಡಿ ಕೆಲಸಕ್ಕೆ ಹೋಗುತ್ತೆ. ಇದು ವಾಪಸ್ ಅಟ್ಟಕ್ಕೆ ಹೋಗುತ್ತೆ. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಮಾರಾಯ್ತಿ. ಮುಂದಿನ ವರ್ಷ ಕೋಟೆಗೆ ನಾನೇ ಬರ್ತೀನಿ. ನಿಮ್ಮ ತಕ್ಕಡಿಗೆ ಒಂದು ಬೊಟ್ಟು ಇಡ್ತೀನಿ.”

ಬಾ ಅನ್ನಬೇಕಿತ್ತು. ಅವಳು ಕೊಟ್ಟ ಕುಂಕುಮ ಇನ್ನೂ ನನ್ನ ಬೆರಳಲ್ಲಿತ್ತು.

“ಮುಟ್ಬೇಡ,” ಅಂದೆ. “ಅದು ನಮ್ಮಪ್ಪಂದು.”

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.