ಹೆಪ್ಪಿನ ನೀರು

ಮೀನಿನ ತೊಟ್ಟಿಯ ನೀರಿಗೆ ಒಂದು ವಾಸನೆಯಿದೆ. ಅದು ಮೀನಿನ ವಾಸನೆಯಲ್ಲ. ಮೀನು ತಿನ್ನದ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು, ಈ ವಿಷಯದಲ್ಲಿ ನನ್ನ ಮೂಗನ್ನು ನೀವು ನಂಬಬಹುದು. ಕೆರೆಯಂಚಿನ ಒದ್ದೆ ಮಣ್ಣು, ಸ್ವಲ್ಪ ಪಾಚಿ, ಅಷ್ಟೇ. ಮೊನ್ನೆ ಭಾನುವಾರ ಬೆಳಿಗ್ಗೆ ಬಕೆಟ್ಟಿನಿಂದ ಆ ವಾಸನೆ ಎದ್ದಾಗ ನಾನು ರಟ್ಟಿನ ಪೆಟ್ಟಿಗೆಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಪೈಪಿನಿಂದ ತೊಟ್ಟಿಯ ಕಾಲುಭಾಗ ನೀರನ್ನು ಇಳಿಸುತ್ತಿದ್ದೆ. ನನಗೆ ಚಾಮರಾಜನಗರಕ್ಕೆ ವರ್ಗವಾಗಿತ್ತು. ಗುಂಡ್ಲುಪೇಟೆಯ ಬಾಡಿಗೆ ಮನೆಯಲ್ಲಿ ಅದು ನನ್ನ ಕೊನೆಯ ಭಾನುವಾರ.

ಸಾಮಾನು ನೋಡಿ ಬಾಡಿಗೆ ಹೇಳಲು ಬಂದಿದ್ದ ಟೆಂಪೋದವನು ಮಂಚ, ಬೀರು ಎಲ್ಲವನ್ನೂ ಕಣ್ಣಲ್ಲೇ ತೂಗಿದ. ಕೊನೆಗೆ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ.

"ಇದ ಇಂಗೇ ಎತ್ತಕ್ಕಾಗಲ್ಲ ಸಾ. ನೀರೆಲ್ಲಾ ಚೆಲ್ಬುಡಿ. ಗಾಜು, ಕಲ್ಲು ತಿಕ್ಕಿ ತೊಳ್ದು ಒಣಗ್ಸಿ ಇಟ್ಟಿರಿ. ಅಲ್ಲೋಗಿ ಹೊಸ ನೀರು ತುಂಬ್ಕಂಡ್ರಾಯ್ತು."

ಅವನ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ, ಅಲ್ಲವೇ? ಅದಕ್ಕೂ ಸುಲಭದ ದಾರಿಯೊಂದು ನನ್ನ ಮನಸ್ಸಿನಲ್ಲಿತ್ತು. ತೊಟ್ಟಿಯನ್ನು ಇಲ್ಲೇ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವುದು. ಭಾನುವಾರ ಬೆಳಿಗ್ಗೆ ಊರೆಲ್ಲ ಮಲಗಿರುವಾಗ ನಾನೊಬ್ಬ ಮಾತ್ರ ಮೀನುಗಳ ಹೇಲು ಬಳಿಯುತ್ತ ಕೂರುವುದಕ್ಕೂ ಒಂದು ಮಿತಿ ಇದೆ. ಪೈಪಿನ ತುದಿಯನ್ನು ಬಾಯಿಂದ ಎಳೆದು ನೀರು ಹರಿಸುವಾಗ ಒಂದು ಗುಟುಕು ಬಾಯಿಗೆ ಬಂದೇ ಬರುತ್ತದೆ. ನಮ್ಮ ವಂಶದಲ್ಲಿ ಮೀನಿನ ಸಾರಿಗೆ ಇಷ್ಟು ಹತ್ತಿರ ಬಂದವನು ನಾನೊಬ್ಬನೇ ಇರಬೇಕು. ಆದರೂ ಟೆಂಪೋದವನಿಗೆ "ಆಗಲಿ" ಅನ್ನಲು ಬಾಯಿ ಬರಲಿಲ್ಲ. ಅವ್ವನ ನೆನಪಾಯಿತು.

ಅವ್ವ ಉಡಿಗಾಲದವಳು. ಅಪ್ಪ ಹೋದ ಮೇಲೆ ನನ್ನ ಜೊತೆ ಇರಲು ಗುಂಡ್ಲುಪೇಟೆಗೆ ಬಂದಳು. ಆಗ ಪಕ್ಕದ ಮನೆಯಲ್ಲಿ ಶೋಭಾ ಇದ್ದರು. ಅವರು ಕೇರಳದ ಬತ್ತೇರಿಯ ಕಡೆಯವರು, ಅವರ ಗಂಡ ಇಲ್ಲಿ ಬೇಕರಿ ನಡೆಸುತ್ತಿದ್ದರು. ಅವ್ವನಿಗೆ ಮಲಯಾಳ ಬಾರದು, ಶೋಭಾ ಅವರ ಕನ್ನಡ ಆಗಿನ್ನೂ ತೊದಲುತ್ತಿತ್ತು. ಆದರೂ ಇಬ್ಬರೂ ಕಾಂಪೌಂಡಿನ ಮೇಲೆ ಮೊಣಕೈಯೂರಿ ನಿಂತರೆಂದರೆ ನಮ್ಮ ಒಲೆಯ ಮೇಲಿನ ಹಾಲು ಉಕ್ಕುವುದು ಖಾತ್ರಿ.

ಸ್ನೇಹ ಬೆಳೆದದ್ದು ಡಬ್ಬಿಗಳಿಂದ. ಶೋಭಾ ಒಂದು ಸ್ಟೀಲ್ ಡಬ್ಬಿಯಲ್ಲಿ ನೇಂದ್ರ ಬಾಳೆಯ ಚಿಪ್ಸ್ ಕೊಟ್ಟರು. ಅವ್ವನ ಕಡೆ ಒಂದು ಕಟ್ಟುನಿಟ್ಟಿತ್ತು. ಇನ್ನೊಬ್ಬರ ಮನೆಯ ಪಾತ್ರೆಯನ್ನು ಬಂದದ್ದಕ್ಕಿಂತ ಚೊಕ್ಕಟವಾಗಿ ಬೆಳಗಿ ಕೊಡಬೇಕು, ಮತ್ತು ಬರಿದಾಗಿ ಕೊಡಬಾರದು. ಏನೂ ಇಲ್ಲದಿದ್ದರೆ ತಳದಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಹಾಗಾಗಿ ಡಬ್ಬಿ ಹುಣಸೆಹಣ್ಣಿನಲ್ಲಿ ಥಳಥಳ ಹೊಳೆದು, ಹುರಿದ ಅವರೆಕಾಳು ತುಂಬಿಕೊಂಡು ವಾಪಸು ಹೋಯಿತು. ತುಂಬಿ ಬಂದ ಡಬ್ಬಿಯನ್ನು ಅವರು ಬರಿದಾಗಿ ಹೇಗೆ ಕಳಿಸುತ್ತಾರೆ? ಹೀಗೆ ವರ್ಷಗಟ್ಟಲೆ ಓಡಾಡಿದ ಆ ಡಬ್ಬಿ ಮೂಲದಲ್ಲಿ ಯಾರ ಮನೆಯದೆಂಬುದು ನಮ್ಮೆಲ್ಲರಿಗೂ ಮರೆತೇಹೋದಂತಿತ್ತು.

ಒಂದು ದಿನ ಶೋಭಾ ಅವರ ತಾಯಿ ಬಿದ್ದು ಸೊಂಟ ಮುರಿದುಕೊಂಡರೆಂದು ಬತ್ತೇರಿಯಿಂದ ಫೋನ್ ಬಂತು. ಗಂಡ ಹೆಂಡತಿ ಹೊರಡುವ ಗಡಿಬಿಡಿಯಲ್ಲಿ ತಮ್ಮ ಮೀನಿನ ತೊಟ್ಟಿಯನ್ನು ನಮ್ಮ ಮನೆಯ ಮೇಜಿನ ಮೇಲೆ ತಂದಿಟ್ಟರು. ಅದರಲ್ಲಿ ಬಂಗಾರದ ಬಣ್ಣದ ಮೀನುಗಳು ಕೆಲವು, ಮಾಲಿ ಎಂಬ ಜಾತಿಯ ಕಪ್ಪು ಮೀನುಗಳು ಕೆಲವು ಇದ್ದವು. ಶೋಭಾ ನನಗೆ ಹೇಳಿಕೊಟ್ಟರು: ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆಯಬೇಕು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನು ಮೆಲ್ಲಗೆ ಹೊಯ್ಯಬೇಕು, ಫಿಲ್ಟರಿನ ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು.

ಲಿಂಗಪೂಜೆಯ ಮನೆಗೆ ಮೀನು ಬಂದದ್ದು ಸಣ್ಣ ಸುದ್ದಿಯಾಗಲಿಲ್ಲ. ಉಡಿಗಾಲದಿಂದ ಬಂದಿದ್ದ ನಮ್ಮ ಚಿಕ್ಕಪ್ಪ ತೊಟ್ಟಿಯನ್ನು ನೋಡಿ, ಕಾಫಿ ಲೋಟವನ್ನು ಅರ್ಧಕ್ಕೇ ಇಳಿಸಿಬಿಟ್ಟರು.

"ಏನವ್ವ ಅತ್ತಿಗೆ ಇದು, ಪ್ಯಾಟೆಗೆ ಬಂದು ಜಾತಿ ಕೆಟ್ಬುಟ್ರಾ?"

"ತಿನ್ನಾಕಲ್ಲ ಕಣಪ್ಪ, ನೋಡಾಕೆ," ಎಂದಳು ಅವ್ವ. "ಪಕ್ಕದ್ಮನೆಯವ್ರು ನಂಬಿ ಬುಟ್ಟೋಗವ್ರೆ. ಬಾಯಿಲ್ದ ಜೀವ."

ಅವ್ವ ಅವುಗಳನ್ನು ಅಕ್ಕರೆಯಿಂದಲೇ ನೋಡಿಕೊಂಡಳು. ಆದರೆ ಗಾಜಿಗೆ ಹತ್ತುತ್ತಿದ್ದ ಹಸಿರು ಪಾಚಿ, ಕಲ್ಲುಗಳ ಮೇಲಿನ ಕಂದು ಲೋಳೆ ಅವಳ ಕಣ್ಣಿಗೆ ಕಸವಾಗಿ ಚುಚ್ಚುತ್ತಿದ್ದವು. ನಾನಂತೂ ಹೇಳಿಕೊಟ್ಟಷ್ಟು ಮಾಡಿ ಮುಗಿಸುತ್ತಿದ್ದೆ. ಸೋಮಾರಿತನಕ್ಕೆ ಶಾಸ್ತ್ರದ ಬೆಂಬಲ ಸಿಗುವುದು ಅಪರೂಪ, ಅದು ಸಿಕ್ಕಿದ್ದಕ್ಕೆ ನನಗೆ ಸಂತೋಷವೇ ಆಗಿತ್ತು.

ನಾಳೆ ಬರುತ್ತೇವೆಂದು ಶೋಭಾ ಫೋನ್ ಮಾಡಿದರು. ಆ ದಿನ ನಾನು ಆಫೀಸಿನ ಕೆಲಸಕ್ಕೆ ಚಾಮರಾಜನಗರಕ್ಕೆ ಹೋಗಿದ್ದೆ, ನನ್ನಾಕೆ ತವರಿಗೆ ಹೋಗಿದ್ದಳು. ಅವ್ವ ಸೆರಗು ಸಿಕ್ಕಿಸಿದಳು. ಮೀನುಗಳನ್ನು ಬೇಸಿನ್ನಿಗೆ ಬಿಟ್ಟು, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಗಾಜನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಕಲ್ಲುಗಳನ್ನು ಅಕ್ಕಿ ತೊಳೆದ ಹಾಗೆ ತೊಳೆದು ಬಿಸಿಲಿಗೆ ಹರವಿದಳು. ಸ್ಪಂಜನ್ನು ಸೋಪು ಹಾಕಿ ಬಿಳಿಯಾಗುವ ತನಕ ಕುಕ್ಕಿದಳು. ನಲ್ಲಿಯಿಂದ ಆಗಷ್ಟೇ ಬಂದ ನೀರನ್ನು ತುಂಬಿ, ನಂಜು ಆಗದಿರಲಿ ಎಂದು ನಮ್ಮ ಹೊಲದ್ದೇ ಒಂದು ಚಿಟಿಕೆ ಅರಿಸಿನವನ್ನೂ ಹಾಕಿದಳು. ಸಂಜೆ ನಾನು ಬಂದಾಗ ತೊಟ್ಟಿ ಅಂಗಡಿಯಿಂದ ಆಗ ತಾನೇ ತಂದಂತೆ ಫಳಫಳಿಸುತ್ತಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ಕಳೆದು ಮುಚ್ಚುತ್ತಿದ್ದವು.

"ನೋಡ್ಲಾ ಮಗ, ಎಂಗೆ ಕುಸಿಯಾಗವೆ," ಎಂದಳು.

ಖುಷಿಯಲ್ಲ, ಉಸಿರಾಡಲು ಒದ್ದಾಡುತ್ತಿವೆ ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಕಪ್ಪು ಮೀನುಗಳ ಹೊರತು ಉಳಿದವೆಲ್ಲ ಮಗುಚಿಕೊಂಡು ತೇಲುತ್ತಿದ್ದವು.

ನಾನು ಸಾಕುಮೀನಿನ ಅಂಗಡಿಗೆ ಓಡಿಹೋಗಿ ಕೇಳಿದೆ. ನಲ್ಲಿ ನೀರಿನ ಕ್ಲೋರಿನ್ ಒಂದು ಕಾರಣ, ಅದಕ್ಕಿಂತ ದೊಡ್ಡದು ಹಳೆಯ ನೀರು, ಕಲ್ಲು, ಸ್ಪಂಜು ಮೂರನ್ನೂ ಒಟ್ಟಿಗೆ ತೊಳೆದದ್ದು ಎಂದು ಅಂಗಡಿಯವನು ಹೇಳಿದ. ಮೀನಿನ ಕೊಳೆಯನ್ನು ತಿಂದು ನೀರನ್ನು ಹದವಾಗಿಡುವ ಕಣ್ಣಿಗೆ ಕಾಣದ ಜೀವಿಗಳು ಆ ಲೋಳೆಯಲ್ಲೇ ಇರುತ್ತವಂತೆ. ತನ್ನ ತೊಟ್ಟಿಯದೇ ಒಂದು ಹಳೆಯ ಸ್ಪಂಜನ್ನೂ ಒಂದು ಕ್ಯಾನು ಹಳೆಯ ನೀರನ್ನೂ ಕೊಟ್ಟು ಕಳಿಸಿದ. ನಾನು ಅದನ್ನೆಲ್ಲ ಅವ್ವನಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಬೆಳಗಿನ ಹಾಲಿಗೆ ಹೆಪ್ಪು ಹಾಕುವ ಹೊತ್ತಾಗಿತ್ತು. ಮೊಸರಿನ ಬಟ್ಟಲನ್ನು ಕೈಯಲ್ಲಿ ಹಿಡಿದವಳು ಹಾಗೆಯೇ ನಿಂತುಬಿಟ್ಟಳು.

"ಅಂಗಂದ್ರೆ ನಾನು ಹೆಪ್ಪಿನ ಬಟ್ಲನ್ನೇ ತೊಳ್ದ್ಬುಟ್ಟಂಗಾಯ್ತಲ್ಲ ಕಣ್ಲಾ."

ಶೋಭಾ ಗೇಟು ತೆರೆಯುವ ಮೊದಲೇ ಅವ್ವ ಬೀದಿಗೆ ಹೋಗಿ ನಿಂತಿದ್ದಳು. "ನಿನ್ ಮೀನ್ಗಳ ಕೊಂದ್ಬುಟ್ಟೆ ಕಣವ್ವ," ಎಂದು ಅಲ್ಲೇ ಹೇಳಿದಳು. ಶೋಭಾ ಅವಳ ಕೈ ಹಿಡಿದುಕೊಂಡು "ಸಾರಮಿಲ್ಲ ಅಮ್ಮಾ, ಸಾರಮಿಲ್ಲ" ಎಂದರು. ಪರವಾಗಿಲ್ಲ ಎನ್ನುವುದಕ್ಕೆ ಅವರ ಭಾಷೆಯ ಮಾತು ಅದು. ಅವರು ಬಂದದ್ದು ಮನೆ ಖಾಲಿ ಮಾಡಲು. ತಾಯಿ ಇನ್ನು ಏಳುವ ಹಾಗಿರಲಿಲ್ಲ, ಬೇಕರಿಯನ್ನು ಬೇರೆಯವರಿಗೆ ವಹಿಸಿಯಾಗಿತ್ತು. ಹೋಗುವಾಗ ತೊಟ್ಟಿ ನಿಮ್ಮಲ್ಲೇ ಇರಲಿ ಎಂದು ಬಿಟ್ಟು ಹೋದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಆದರೆ ಅವ್ವನಿಗೆ ಅದು ಎದೆಯ ಮೇಲಿನ ಭಾರವಾಯಿತು. ಇನ್ನೊಬ್ಬರ ಪಾತ್ರೆ ಮನೆಯಲ್ಲಿ ಉಳಿದುಹೋಗಿದೆ, ಅದೂ ಹಾಳುಮಾಡಿ ಇಟ್ಟುಕೊಂಡ ಪಾತ್ರೆ. "ವಾಪಸ್ ಕೊಡ್ಬೇಕು. ಬರಿದಾಗಲ್ಲ, ತುಂಬ್ಕೊಡ್ಬೇಕು," ಎಂದು ನಿಶ್ಚಯಿಸಿದಳು. ಅಂದಿನಿಂದ ಭಾನುವಾರದ ಕೆಲಸ ನನ್ನ ಕೈಯಿಂದ ಅವಳ ಕೈಗೆ ಹೋಯಿತು. ಶನಿವಾರವೇ ನೀರು ಹಿಡಿದಿಡುವಳು. ಗಾಜಿನ ಮುಂಭಾಗದ ಪಾಚಿಯನ್ನಷ್ಟೇ ಒರೆಸಿ, ಹಿಂಭಾಗದ್ದನ್ನು ಮುಟ್ಟುತ್ತಿರಲಿಲ್ಲ. ತೆಗೆದ ನೀರು ಕರಿಬೇವಿನ ಗಿಡಕ್ಕೆ. ಪೈಪನ್ನು ಬಾಯಿಂದ ಎಳೆಯಲು ಮಾತ್ರ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದಳು, ಅವಳಿಗೆ ಅದು ನಿಷಿದ್ಧ! ಹೊಳೆಯದ ವಸ್ತುವನ್ನು ಕಣ್ಣೆದುರಿಗಿಟ್ಟುಕೊಂಡು ಸುಮ್ಮನಿರುವುದು ಅವ್ವನಂಥವಳಿಗೆ ಎಂಥ ಕಷ್ಟವೆಂದು ನನಗೆ ಗೊತ್ತು. ಅವಳು ಸುಮ್ಮನಿದ್ದಳು. ಕಪ್ಪು ಮೀನುಗಳು ಮರಿ ಹಾಕಿದವು, ಮರಿಗಳೂ ಮರಿ ಹಾಕಿದವು.

ತೊಟ್ಟಿ ತುಂಬಿತೆಂದು ಅವಳಿಗೆ ಅನ್ನಿಸಿದ ದಿನ ಇಬ್ಬರೂ ಬತ್ತೇರಿಯ ಬಸ್ಸು ಹತ್ತಿದೆವು. ರಾತ್ರಿ ಕಾಡಿನ ರಸ್ತೆಯ ಗೇಟು ಹಾಕುವುದರೊಳಗೆ ವಾಪಸಾಗಬೇಕೆಂದು ಬೆಳಿಗ್ಗೆಯೇ ಹೊರಟೆವು. ಕಂಬಳಿ ಸುತ್ತಿದ ತೊಟ್ಟಿ ನನ್ನ ಕಾಲ ನಡುವೆ. ಹಳೆಯ ನೀರು, ಮೀನು ತುಂಬಿದ ಹಾಲಿನ ಕ್ಯಾನು ಅವ್ವನ ತೊಡೆಯ ಮೇಲೆ. ದಾರಿಯಲ್ಲಿ ಆನೆ ಕಂಡು ಬಸ್ಸೆಲ್ಲ ಒಂದು ಕಡೆಯ ಕಿಟಕಿಗೆ ವಾಲಿದರೂ ಅವ್ವ ತಲೆಯೆತ್ತಲಿಲ್ಲ. ಕ್ಯಾನಿನ ಮುಚ್ಚಳವನ್ನು ಆಗಾಗ ತೆಗೆದು ಗಾಳಿಯಾಡಿಸುವುದರಲ್ಲೇ ಅವಳ ಗಮನ.

ಶೋಭಾ ನಮ್ಮನ್ನು ಕಂಡು ಬಾಗಿಲಲ್ಲೇ ಅತ್ತುಬಿಟ್ಟರು. ತೊಟ್ಟಿ ಅವರ ನಡುಮನೆಯಲ್ಲಿ ಕೂತಿತು, ಮೀನುಗಳು ನೀರಿಗಿಳಿದವು. ಊಟವಾಯಿತು. ಹೊರಡುವಾಗ ಅವ್ವ ತನ್ನ ಕ್ಯಾನಿಗೆ ಕೈ ಹಾಕಿದಳು, ಅದು ಭಾರವಾಗಿತ್ತು. ಮುಚ್ಚಳ ತೆಗೆದು ನೋಡಿದರೆ ಅರ್ಧ ಕ್ಯಾನು ಅದೇ ಹಳೆಯ ನೀರು, ಅದರಲ್ಲೊಂದು ಜೊತೆ ಕಪ್ಪು ಮೀನು.

"ಪಾತ್ರೆ ಬರಿದಾಗಿ ಕಳಿಸಬಾರದು ಅಂತ ನೀವೇ ಅಲ್ವಾ ಅಮ್ಮಾ ಕಲಿಸಿದ್ದು," ಎಂದರು ಶೋಭಾ.

ವಾಪಸು ಬರುವಾಗ ಅವ್ವ ಬಸ್ಸಿನಲ್ಲಿ ಕ್ಯಾನನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಕಾಡಂಚಿನ ಮದ್ದೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಇವ್ಳ ಮನೆ ಕಾಯ್ವೋಗ, ನನ್ನೇ ಗೆದ್ಬುಟ್ಲಲ್ಲ ಕಣ್ಲಾ!" ಅವಳನ್ನು ಅಷ್ಟು ಹಗುರವಾಗಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಾರನೆಯ ವಾರವೇ ಹೊಸ ತೊಟ್ಟಿ ತರಿಸಿದಳು. ಈಗ ಮನೆಯಲ್ಲಿರುವುದು ಅದೇ.

ಅವ್ವ ಹೋಗಿ ಎರಡು ವರ್ಷವಾಯಿತು. ಭಾನುವಾರದ ಕೆಲಸ ಮತ್ತೆ ನನ್ನ ಪಾಲಿಗೆ ಬಂತು. ಗೊಣಗುತ್ತಲೇ ಮಾಡಿದ್ದೇನೆ, ಆದರೆ ಯಾವತ್ತೂ ನೀರನ್ನು ಪೂರ್ತಿ ಚೆಲ್ಲಿಲ್ಲ. ಪ್ರತಿ ವಾರ ಮುಕ್ಕಾಲು ಪಾಲು ಹಳೆಯದು ಉಳಿಯುತ್ತದೆ. ಹಾಗಿದ್ದ ಮೇಲೆ ಅವ್ವ ಕೊನೆಯ ಬಾರಿ ಹೊಯ್ದ ನೀರಿನಲ್ಲಿ ಒಂದಿಷ್ಟು ಇನ್ನೂ ಅಲ್ಲೇ ಇರಬೇಕು. ಈಗ ಅದರಲ್ಲಿ ಎಷ್ಟು ಉಳಿದೀತು ಎಂದು ಲೆಕ್ಕ ಬಲ್ಲವರು ನಗಬಹುದು. ನಗಲಿ. ಟೆಂಪೋದವನು ಚೆಲ್ಲು ಅಂದಾಗ ನನಗೆ ಅವ್ವನನ್ನೇ ಚೆಲ್ಲಿಬಿಡು ಅಂದಂತಾಯಿತು.

"ತೊಟ್ಟಿ ನೀನು ತಗೊಂಡೋಗಪ್ಪ, ನೀರು ನಾನು ತರ್ತೀನಿ," ಎಂದೆ. ಅವನು ನನ್ನನ್ನು ಒಂದು ತರಹ ನೋಡಿದ. ಅಡುಗೆಮನೆಯಲ್ಲಿ ಇದನ್ನು ಕೇಳಿಸಿಕೊಂಡ ನನ್ನಾಕೆ ಅಟ್ಟಕ್ಕೆ ಏಣಿ ಹಾಕಿ ಹಾಲಿನ ಕ್ಯಾನನ್ನು ಇಳಿಸಿದಳು.

ಸಾಮಾನು ಹೋದ ದಿನ ಅವಳು ಟೆಂಪೋದಲ್ಲಿ ಮುಂದೆ ಹೋದಳು, ನಾನು ಬೀಗದ ಕೈ ಒಪ್ಪಿಸಿ ಚಾಮರಾಜನಗರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಕ್ಯಾನು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರು ಅದನ್ನು ಬೆರಳಲ್ಲಿ ತಟ್ಟಿದ.

"ಏನ್ ಸಾ, ಹಾಲಾ?"

"ಅಲ್ಲ, ನೀರು. ಒಂದಷ್ಟು ಮೀನೂ ಅವೆ."

"ಮೀನು ಸರಿ. ನೀರ್ಯಾಕೆ ಸಾ ಇಲ್ಲಿಂದ ಒತ್ಕೊಂಡೋಯ್ತೀರಿ? ಚಾಮರಾಜನಗರದಲ್ಲಿ ನೀರಿಲ್ವಾ?"

"ಅದೆ ಕಣಪ್ಪ," ಎಂದೆ. "ಇದು ಹೆಪ್ಪಿಗೆ."

ಅವನಿಗೆ ಏನರ್ಥವಾಯಿತೋ, ಚೀಟಿ ಹರಿದುಕೊಟ್ಟು ಮುಂದೆ ಹೋದ. ತೆರಕಣಾಂಬಿ ದಾಟಿದ ಮೇಲೆ ನಾನು ಮುಚ್ಚಳ ತೆಗೆದು ಒಂದಿಷ್ಟು ಗಾಳಿಯಾಡಿಸಿದೆ.