ಡೀಸೆಲ್ ಇಂಜಿನ್ನಿಗೆ ಈಶಪ್ಪನವರ ಇಗ್ನಿಶನ್

ಹಳಿಯಾಳದ ಸುತ್ತ ಎಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೂ ಅದಕ್ಕಿಂತ ಮೊದಲೇ ಅಲ್ಲಿ ನಿಂತಿರುವವರು ಈಶಪ್ಪನವರು. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇದ್ದು ಬಂದವರು. ಯಂತ್ರಗಳ ನಡುವೆ ಇದ್ದದ್ದು ನಿಜ, ಅವುಗಳನ್ನು ಒರೆಸುತ್ತಿದ್ದರು. ನಿವೃತ್ತಿಯಾದ ಮರುದಿನವೇ ಅಂಗಿಯ ಜೇಬಿಗೆ ಒಂದು ಟೆಸ್ಟರ್ ಸಿಕ್ಕಿಸಿಕೊಂಡು ಊರಿನ ಇಂಜಿನ್ನುಗಳಿಗೆಲ್ಲ ಹಿರಿಯರಾದರು. ಪಾನಾ ಹಿಡಿದು ನಟ್ಟು ಬಿಚ್ಚುವ ಕೆಲಸ ಅವರದಲ್ಲ. ಬಾನೆಟ್ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರಂತೆ ತಲೆದೂಗುತ್ತಾರೆ. ಬಂದಾಗಿ ನಿಂತ ಇಂಜಿನ್ನಿಗೂ ಹಾಗೇ ಕಿವಿಗೊಡುತ್ತಾರೆ ಅಂದರೆ ಅವರ ವಿದ್ಯೆಯ ಆಳ ತಿಳಿಯಬಹುದು.

ಈ ನವೆಂಬರಿನಲ್ಲಿ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಗುರುಬಸವ್ವನ ಟ್ರ್ಯಾಕ್ಟರ್ ನಿಂತಿತು. ಇಪ್ಪತ್ತೆಂಟು ವರ್ಷದ ಗಾಡಿ, ಹಿಂದೆ ಟ್ರೇಲರ್ ತುಂಬ ಕಬ್ಬು, ಹಂಗಾಮಿನ ಮೊದಲ ಖೇಪು. ಮುಂದೆ ಇನ್ನು ಐದೇ ಗಾಡಿ. ನಂಬರನ್ನು ಮೂರು ಸಲ ಕೂಗುವುದರೊಳಗೆ ತೂಕದ ಕಾಟಾ ಹತ್ತದಿದ್ದರೆ ಸಾಲಿನ ತುದಿಗೆ ಹೋಗಬೇಕು, ಮತ್ತೆ ಎರಡು ದಿನ. ಕಡಿದ ಕಬ್ಬು ಆಗಲೇ ಮೂರು ಬಿಸಿಲು ಕಂಡಿತ್ತು. ಇನ್ನೆರಡು ಕಂಡರೆ ತೂಗಲು ಉಳಿಯುವುದು ಬರೀ ರವದಿ, ಒಣ ಸೋಗೆ.

ಗಾಡಿ ಓಡಿಸುತ್ತಿದ್ದವನು ಅವಳ ಮೈದುನ ರುದ್ರೇಶ. ಇಂಜಿನ್ ಹತ್ತು ನಿಮಿಷ ಓಡಿ, ಉಸಿರು ಕಟ್ಟಿದಂತೆ ಮೆಲ್ಲಗೆ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲೂ. ಫಿಲ್ಟರ್ ಬದಲಿಸಿದರೂ ಅದೇ ಹಾಡು. ಯಾರ ಟ್ರೇಲರ್ ಏರಿ ಬಂದಿದ್ದರೋ, ಈಶಪ್ಪನವರು ಪ್ರತ್ಯಕ್ಷರಾದರು. ಕಿವಿಯಿಟ್ಟರು.

“ಇಗ್ನಿಶನ್ ಹೋಗೇತಿ.”

“ಕಾಕಾ, ಇದು ಡೀಸೆಲ್ ಇಂಜಿನ್. ಕಿಡಿ ಹಾರಸಾಕ ಇದಕ್ಕ ಪ್ಲಗ್ಗ ಇರಂಗಿಲ್ಲಲ್ರೀ,” ಅಂದ ರುದ್ರೇಶ.

“ಅದಕ್ಕ ನಿಂತೈತಿ! ದಾಂಡೇಲ್ಯಾಗ ಜರ್ಮನ್ ಮಷೀನ್ ನೋಡೇನಿ ತಮ್ಮಾ, ನನಗ ಹೇಳ್ತಿ? ಬ್ಯಾಟ್ರಿ ಬದಲಿ ಮಾಡು.”

ಪಕ್ಕದ ಗಾಡಿಯ ಬ್ಯಾಟರಿ ಬಿಚ್ಚಿ ತಂದು ಹಾಕಿದರು. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತಾದ್ದರಿಂದ ಇಂಜಿನ್ ಚಾಲೂ ಆಯಿತು. ಈಶಪ್ಪನವರು ಹೆಗಲ ಟವೆಲ್ ಕೊಡವಿ, ಸನ್ಮಾನಕ್ಕೆ ಕಾದವರಂತೆ ಸುತ್ತ ನೋಡಿದರು. ಸಾಲು ಮೂರು ಗಾಡಿ ಸರಿಯಿತು. ಇಂಜಿನ್ ನಿಂತಿತು.

“ಹಂಗಾರ ಇಂಜಿನ್ನ ಬಿಚ್ಚಿ ಕೆಳಗಿಡಬೇಕು,” ಅಂದರು.

“ಎಲ್ಲಿಡೂಣು, ನಿಮ್ಮ ತಲಿ ಮ್ಯಾಲೇನು?” ಅನ್ನುತ್ತ, ಪಕ್ಕದಲ್ಲೇ ನಿಂತಿದ್ದ ಗುರುಬಸವ್ವ ಡೀಸೆಲ್ ಎಷ್ಟಿದೆ ನೋಡಲು ಟಾಕಿಯ ಮುಚ್ಚಳ ತಿರುವಿದಳು. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು.

ಡೀಸೆಲ್ ಇಳಿದಂತೆ ಟಾಕಿಗೆ ಗಾಳಿ ಹೋಗಲೆಂದು ಮುಚ್ಚಳದಲ್ಲೊಂದು ಸಣ್ಣ ತೂತಿರುತ್ತದೆ. ಅದು ವಿಭೂತಿಯಿಂದ ಮುಚ್ಚಿಹೋಗಿತ್ತು. ಮಹಾನವಮಿಗೆ ಊರಿನ ಗಾಡಿಗಳಿಗೆಲ್ಲ ವಿಭೂತಿ ಹಚ್ಚುವ ಹಕ್ಕನ್ನು ಯಾರು ಇಟ್ಟುಕೊಂಡಿದ್ದಾರೆಂದು ಹೇಳಬೇಕಾಗಿಲ್ಲ. ಬೇರೆಯವರಾದರೆ ಬಾನೆಟ್ಟಿಗೆ ಮೂರು ಪಟ್ಟೆ ಎಳೆದು ಸುಮ್ಮನಾಗುತ್ತಿದ್ದರು. ಇವರು, ಇಂಜಿನ್ನಿನ ಜೀವ ಇರುವುದು ಟಾಕಿಯಲ್ಲಿ ಎಂದು ಉಪದೇಶ ಮಾಡಿ, ಗಟ್ಟಿಯಾಗಿ ಕಲಸಿ ಮುಚ್ಚಳಕ್ಕೂ ಮೆತ್ತಿದ್ದರು. ಅಂದು ಶೆಡ್ಡು ಸೇರಿದ ಗಾಡಿ ಹೊರಬಂದದ್ದೇ ಈ ಖೇಪಿಗೆ.

ಗುರುಬಸವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೂತು ಕೆದರಿದಳು. “ಈಶಪ್ಪಣ್ಣಾ, ಇದು ನಿಮ್ಮ ಕೈ ಕೆಲಸ ಅಲ್ಲೇನ್ರಿ?”

“ಅದು ಭಕ್ತಿ, ತಂಗಿ.”

“ಭಕ್ತಿ ಹೆಚ್ಚಾಗಿದ್ರ ನಿಮ್ಮ ಹಣಿಗೆ ಮೆತ್ಕೋರಿ. ಅಲ್ಲಿ ಏನೂ ಓಡಂಗಿಲ್ಲ, ನಿಂದ್ರೂದೂ ಇಲ್ಲ.”

ಮೊದಲ ಕೂಗು ಬಂತು. ರುದ್ರೇಶ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೂ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದ. ಎರಡನೇ ಕೂಗು. ಸ್ಕ್ರೂ ಬಿಗಿದು ಕೀಲಿ ತಿರುವಿದ. ಇಂಜಿನ್ ಹೊಗೆ ಉಗುಳಿ ಎದ್ದಿತು. ಮೂರನೆಯದು ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರ್ ಕಾಟಾದ ಮೇಲಿತ್ತು. ಮಡ್‌ಗಾರ್ಡಿನ ಮೇಲೆ, ಮದುವೆ ಗಂಡಿನಂತೆ, ಈಶಪ್ಪನವರೂ ಇದ್ದರು.

“ಯಜಮಾನ್ರ, ಇಳೀರಿ ಕೆಳಗ!” ತೂಕದ ಗುಮಾಸ್ತ ಕಿಟಕಿಯಿಂದ ಕೂಗಿದ.

“ನಾ ಇಂಜಿನ್ನಿನ ಕಡೆಯಾಂವ.”

“ಇಂಜಿನ್ ತೂಕ ಆಮ್ಯಾಲ ಕಳೀತೇವ್ರಿ. ನಿಮ್ಮನ್ನ ಯಾವುದರಾಗ ಕಳಿಯೂದು?”

ಇಳಿದರು. ಫಲಕದ ಕೆಂಪು ಅಂಕಿ ಅರವತ್ತು ಕಿಲೊ ಕೆಳಗೆ ಬಂತು. ಗುರುಬಸವ್ವನ ಕಬ್ಬು ಒಳಗೆ ಹೋಯಿತು. ಈಶಪ್ಪನವರು ಕಾಟಾದ ಬಾಯಿಗೇ ಅಡ್ಡ ನಿಂತು, ಹಿಂದಿನ ಗಾಡಿಗೆ ಬರ್ರಿ ಬರ್ರಿ ಎಂದು ಕೈಬೀಸತೊಡಗಿದರು. ದಾರಿ ಬಿಡಿ ಎಂದು ಅದರ ಚಾಲಕ ಹಾರ್ನ್ ಒತ್ತಿದ.