ಮೂತಿ ಮೇಲೆ ಮಾಡಿದ ಸ್ಕೂಟರ್

ಹಿಮಸಾರಂಗದ ಮಂದೆ ಹೊರಟಾಗ ಸುನ್ನಾಳ ಜಾಗ ಬಾಲದಲ್ಲಿ. ಮೂವತ್ತೊಂದು ವಸಂತಗಳಿಂದ ಅದು ಬದಲಾಗಿಲ್ಲ. ಎಲ್ಲಕ್ಕಿಂತ ಮುಂದೆ ಅವಳ ತಮ್ಮ ಇಸ್ಸಾತ್ ಕೊರಳಿಗೆ ಗಂಟೆ ಕಟ್ಟಿದ ಸಾರಂಗವನ್ನು ಹಿಡಿದು ದಾರಿ ತೋರುತ್ತಾನೆ. ಎಡಕ್ಕೂ ಬಲಕ್ಕೂ ನೆಂಟರಿಷ್ಟರು ಸ್ಕೂಟರ್ ಹಾರಿಸಿಕೊಂಡು ತಿರುಗುತ್ತಾರೆ. ಕೊನೆಯಲ್ಲಿ ಕುಂಟುವುದು, ಬಸವಳಿದದ್ದು, ಹೊಟ್ಟೆ ತುಂಬಿ ಹೆಜ್ಜೆ ಕೀಳಲಾರದ ಗಬ್ಬದ ಹೆಣ್ಣುಗಳು ಬರುತ್ತವಲ್ಲ, ಅವುಗಳ ಹಿಂದೆ ಸುನ್ನಾ. ದೂರದ ಉತ್ತರದ ಹಿಮನಾಡಿನಲ್ಲಿ, ಮಾಸೆ ಊರಿನ ಚಳಿಗಾಲದ ಬಯಲಿನಿಂದ ಕಡಲ ತೀರಕ್ಕೆ ಒಂದು ವಾರದ ದಾರಿ. ಮರಿ ಹಾಕುವ ಮೊದಲು ಅಲ್ಲಿಗೆ ಸೇರಬೇಕು.

ಅಲ್ಲಿಯವರು ಸ್ಕೂಟರ್ ಅನ್ನುವುದು ಚಕ್ರದ ಗಾಡಿಗಲ್ಲ. ಮುಂದೆ ಎರಡು ಜಾರುಹಲಗೆ, ಸೀಟಿನಡಿ ಗಿರ್ರನೆ ತಿರುಗುವ ಅಗಲವಾದ ರಬ್ಬರ್ ಪಟ್ಟೆ. ಹಿಮದ ಮೇಲೆ ಓಡುವ ಗಾಡಿ ಅದು. ಸುನ್ನಾಳ ಮನೆಗೆ ಮೊದಲ ಸ್ಕೂಟರ್ ಬಂದಾಗ ಅವಳಿಗೆ ಹನ್ನೊಂದು. ಅದು ಕೆಟ್ಟಾಗಲೆಲ್ಲ ಅಪ್ಪ ಅದರ ಜೊತೆ ಜಗಳವಾಡುತ್ತಿದ್ದ, ಮಗಳು ಬಿಚ್ಚಿ ನೋಡುತ್ತಿದ್ದಳು. ಹದಿನಾಲ್ಕಕ್ಕೆಲ್ಲ ಎಂಜಿನ್ ಇಳಿಸಿ ಏರಿಸುವಷ್ಟಾಗಿದ್ದಳು. ಮದುವೆಯ ಮಾತು ಎರಡು ಸಲ ಬಂತು. ಎರಡೂ ಸಲ ಮಂದೆ ಹೊರಡುವ ಏಪ್ರಿಲ್‌ನಲ್ಲೇ ಬಂದಿದ್ದರಿಂದ ಅವಳಿಗೆ ಪುರುಸೊತ್ತಾಗಲಿಲ್ಲ. ಈಗ ಅರವತ್ತೆರಡು. ಮಂಡಿ ಒಂದಿಷ್ಟು ಹಿಡಿಯುತ್ತದೆ, ಕೈ ಮಾತ್ರ ಹಾಗೇ ಇದೆ.

ಹೋದ ವಸಂತದಲ್ಲಿ ಅವಳ ಮಾನ ಹೋಗಿತ್ತು.

ಈ ಸ್ಕೂಟರಿಗೆ ತಂಪು ಕೊಡುವುದು ಹಿಮವೇ. ಎಂಜಿನ್ನಿನ ಕಾದ ನೀರು ಪೈಪಿನಲ್ಲಿ ಹರಿದು ಸೀಟಿನಡಿಯ ಅಲ್ಯುಮಿನಿಯಂ ತಟ್ಟೆಗೆ ಬರುತ್ತದೆ. ತಿರುಗುವ ಪಟ್ಟೆ ಹಿಮ ಎರಚಿ ಎರಚಿ ಆ ತಟ್ಟೆಯನ್ನು ತಣ್ಣಗಿಡುತ್ತದೆ. ಜೋರಾಗಿ ಓಡಿಸುವವರಿಗೆ ತೊಂದರೆಯೇ ಇಲ್ಲ. ಆದರೆ ವಸಂತದ ಹಿಮ ಮೇಲೆ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ, ಪುಡಿಯೇ ಏಳುವುದಿಲ್ಲ. ಅದರ ಮೇಲೆ ಕುಂಟು ಸಾರಂಗದ ಹಿಂದೆ ನಡಿಗೆಯ ವೇಗದಲ್ಲಿ ಹೋದರೆ ಎರಚಲು ಏನಿದೆ? ಹೋದ ವರ್ಷ, ಎಂಜಿನ್ ಕುದಿಯುತ್ತಿದೆ ಎಂದು ಎಚ್ಚರಿಸುವ ಕೆಂಪು ದೀಪ ಮೂರು ಸಲ ಹತ್ತಿತು. ಮೂರು ಸಲವೂ ಇಳಿದು, ಸಲಿಕೆಯಲ್ಲಿ ಹಿಮ ಬಗೆದು, ತಟ್ಟೆಯ ಮೇಲೆ ಸುರಿದು ಕಾಯುತ್ತ ಕುಳಿತಳು. ಅಷ್ಟರಲ್ಲಿ ಐದು ಗಬ್ಬದ ಹೆಣ್ಣುಗಳು ಹಿಂದಕ್ಕೆ ತಿರುಗಿ ಚಳಿಗಾಲದ ಬಯಲಿಗೇ ಹೊರಟುಬಿಟ್ಟಿದ್ದವು. ಹುಡುಕಿ ತರಲು ಇಸ್ಸಾತನಿಗೆ ಎರಡು ದಿನ ಹಿಡಿಯಿತು.

ಈ ವರ್ಷ ಹೊರಡಲು ಒಂದು ವಾರವಿರುವಾಗ ಅವನು ಬಂದು ಕಾಫಿ ಕುಡಿದ. ಲೋಟ ಕೆಳಗಿಟ್ಟು ಹೇಳಿದ:

"ಅಕ್ಕ, ಈ ಸಲ ನೀನು ಅಡುಗೆ ಬಂಡಿ ಮೇಲೆ ಕೂತ್ಕೊ. ಬಾಲಕ್ಕೆ ಬೇರೆಯವರನ್ನ ಹಾಕ್ತೀನಿ."

"ಪಾತ್ರೆ ಜೊತೆ ನನ್ನನ್ನೂ ಹಗ್ಗ ಹಾಕಿ ಕಟ್ತೀಯೇನೋ?"

"ತಮಾಷೆ ಅಲ್ಲ ಅಕ್ಕ. ನಿನ್ನ ಗಾಡಿ ಕುದಿಯುತ್ತೆ."

"ಗಾಡಿ ಕುದಿದ್ರೆ ಗಾಡಿ ರಿಪೇರಿ ಮಾಡ್ಬೇಕು. ನನ್ನನ್ನ ಯಾಕೆ ಇಳಿಸ್ತೀಯ?"

ಇಸ್ಸಾತ್ ಕಿಟಕಿಯಾಚೆ ನೋಡಿದ. "ಸರಿ. ಗುರುವಾರ ಹೆಪ್ಪುಗಟ್ಟಿದ ಕೆರೆ ದಾಟು. ಈ ದಡದಿಂದ ಆ ದಡಕ್ಕೆ. ನಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ, ನನ್ನ ನಡಿಗೆಗಿಂತ ಒಂದು ಹೆಜ್ಜೆ ಮುಂದೆ ಹೋಗ್ಬಾರ್ದು. ದೀಪ ಹತ್ತಿದ್ರೆ ಬಂಡಿ."

"ಹತ್ತದಿದ್ರೆ?"

"ಹತ್ತದಿದ್ರೆ ಬಾಲ ನಿಂದೇ. ಇನ್ನು ಬಾಯಿ ಬಿಡಲ್ಲ."

ಮಾರನೆಯ ದಿನವೇ ಕೊಟ್ಟಿಗೆಯ ಹಿಂದೆ ಕೆಟ್ಟು ನಿಂತಿದ್ದ ನಾಲ್ಕು ಚಕ್ರದ ಗಾಡಿಯಿಂದ ರೇಡಿಯೇಟರ್ ಬಿಚ್ಚಿದಳು, ಅದರ ಫ್ಯಾನ್ ಸಮೇತ. ಹಿಮ ಎರಚದಿದ್ದರೆ ಗಾಳಿ ಬೀಸಲಿ ಅನ್ನುವುದು ಅವಳ ಲೆಕ್ಕ. ಹಳೆ ಬೇಲಿಯ ಕಬ್ಬಿಣದ ಪಟ್ಟಿ ಬಗ್ಗಿಸಿ, ಸ್ಕೂಟರಿನ ಮೂತಿಯೊಳಗೆ ಅದನ್ನು ಕೂರಿಸಿದಳು. ನೀರಿನ ಪೈಪ್ ಕತ್ತರಿಸಿ ದಾರಿಯನ್ನು ರೇಡಿಯೇಟರಿನ ಮೂಲಕ ತಿರುಗಿಸಿದಳು. ಪೈಪು ಕಬ್ಬಿಣಕ್ಕೆ ಉಜ್ಜುವ ಕಡೆ ಸಾರಂಗದ ಕಾಲಿನ ಚರ್ಮ ಸುತ್ತಿ ಹೊಲಿದಳು. ಹಿಮದ ಬೂಟಿಗೆ ಬಾಳುವ ಚರ್ಮ ಪೈಪಿಗೂ ಬಾಳೀತು. ಎಲ್ಲ ಕ್ಲ್ಯಾಂಪ್ ಬಿಗಿದು, ಹೊಸ ಕೂಲಂಟ್, ಅಂದರೆ ಚಳಿಗೆ ಹೆಪ್ಪುಗಟ್ಟದ ನೀರು, ಸುರಿದು, ಒಳಗಿನ ಗಾಳಿ ಹೋಗಲೆಂದು ಎಂಜಿನ್ ಒಂದಿಷ್ಟು ಹೊತ್ತು ಓಡಿಸಿ, ಮುಚ್ಚಳ ಹಾಕಿದಳು.

ಬುಧವಾರ ಬೆಳಿಗ್ಗೆ ಹೆಪ್ಪುಗಟ್ಟಿದ ನದಿಯ ಮೇಲೆ ಓಡಿಸಿ ನೋಡಿದಳು. ಎರಡನೆಯ ತಿರುವು ದಾಟಲಿಲ್ಲ, ದೀಪ ಕೆಂಪಗೆ ಹತ್ತಿತು.

ಎಂಜಿನ್ ತಣಿಸಿ ತಣಿಸಿ, ಪಕ್ಕದಲ್ಲಿ ನಡೆಯುತ್ತ ಗಾಡಿಯನ್ನು ಅಂಗಳಕ್ಕೆ ತಂದು, ಎಂದಿನಂತೆ ಮೂತಿ ನದಿಯ ಕಡೆ ಮಾಡಿ ನಿಲ್ಲಿಸುವಷ್ಟರಲ್ಲಿ ಇಸ್ಸಾತನ ಹೆಂಡತಿ ಮಾರ್ಗೆತ್ ಫ್ಲಾಸ್ಕ್ ಹಿಡಿದು ನಿಂತಿದ್ದಳು.

"ಏನತ್ತಿಗೆ, ಗಾಡಿನ ವಾಕಿಂಗ್ ಕರ್ಕೊಂಡು ಹೋಗಿದ್ರಾ?"

"ಬಾಯಿ ಮುಚ್ಚಿ ಕಾಫಿ ಹಾಕು."

ಸುನ್ನಾ ಕೈಗವಸು ಕಳಚಿ ಗಾಡಿಯ ಮೈ ಸವರಿದಳು. ಎಂಜಿನ್ನಿನ ಹತ್ತಿರದ ಪೈಪ್ ಸುಡುತ್ತಿತ್ತು. ಸೀಟಿನಡಿಯ ತಟ್ಟೆಗೆ ಬಂದಾಗ ಕೈ ನಿಂತಿತು. ಅದರ ಹಿಂದಿನ ತುದಿಯಲ್ಲಿ ಬೆಳಗಿನ ಇಬ್ಬನಿ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು, ಒಂದು ಹನಿಯೂ ಕರಗಿರಲಿಲ್ಲ.

"ಇಲ್ಲಿಗೆ ನೀರೇ ಬಂದಿಲ್ಲ ಕಣೇ. ಒಳಗೆ ಗಾಳಿ ಕೂತಿದೆ."

"ಗಾಳಿ ತೆಗೆದೆ ಅಂದಿದ್ರಲ್ಲ ನಿನ್ನೆ?"

"ತೆಗೆದೆ ಅಂದ್ಕೊಂಡಿದ್ದೆ."

ಆಗ ಬೇಲಿಯ ಹತ್ತಿರದಿಂದ ಪುಟ್ಟಿ ಬಂತು. ಹೋದ ವರ್ಷ ತಾಯಿ ಸತ್ತ ಸಾರಂಗದ ಮರಿ. ಅಡುಗೆಮನೆಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದದ್ದು. ವರ್ಷ ತುಂಬುತ್ತ ಬಂದರೂ ತಾನು ಮನೆಯವರ ಪೈಕಿ ಎಂದೇ ಅದರ ನಂಬಿಕೆ. ಮೂರು ವಾರದ ಮರಿಯಾಗಿದ್ದಾಗ ತಲೆ ಕೆಳಗೆ ಹಾಕಿ ಹಾಲು ಕುಡಿದು, ಹೊಟ್ಟೆ ಉಬ್ಬಿ, ಸಾಯುವ ಹಾಗೆ ಬಿದ್ದಿತ್ತು. ಸುನ್ನಾ ಅದರ ಮುಂಗಾಲೆರಡನ್ನೂ ಬಾಗಿಲ ಮೆಟ್ಟಿಲ ಮೇಲೆ ಎತ್ತಿಟ್ಟು, ಹೊಟ್ಟೆ ನೀವಿ ನೀವಿ ತೇಗು ಬರಿಸಿದ್ದಳು.

ಸುನ್ನಾ ಪುಟ್ಟಿಯನ್ನು ನೋಡಿದಳು, ಸ್ಕೂಟರನ್ನು ನೋಡಿದಳು, ಅಂಗಳವನ್ನು ನೋಡಿದಳು. ಅಂಗಳ ನದಿಯ ಕಡೆ ಇಳಿಜಾರು. ಸ್ಕೂಟರಿನ ಮೂತಿ ಕೆಳಗೆ, ಬಾಲ ಮೇಲೆ. ಕೂಲಂಟ್ ಸುರಿದಾಗಲೂ ಹಾಗೇ ನಿಲ್ಲಿಸಿದ್ದಳು. ಯಾವಾಗಲೂ ಹಾಗೇ ನಿಲ್ಲಿಸುತ್ತಿದ್ದಳು, ಯಾಕೆಂದರೆ ಅಪ್ಪ ಕಲಿಸಿದ್ದೇ ಹಾಗೆ: ಬಂಡಿ ಎಳೆಯುವ ಸಾರಂಗದ ಮುಖ ಹೋಗುವ ದಾರಿಯ ಕಡೆಗೇ ಇರಬೇಕು, ವಸಂತದಲ್ಲಂತೂ ಮನೆಯ ಕಡೆ ಮುಖ ಮಾಡಿ ಕಟ್ಟಲೇಬಾರದು, ಕಟ್ಟಿದರೆ ಮಂದೆ ಹಿಂದಕ್ಕೆ ತಿರುಗುತ್ತದೆ. ಸಾರಂಗ ಹೋಗಿ ಸ್ಕೂಟರ್ ಬಂದರೂ ಅವರ ಮನೆಯಲ್ಲಿ ಆ ಮಾತು ಹೋಗಿರಲಿಲ್ಲ. ನೀರು ತುಂಬುವ ಬಾಯಿ ಮೂತಿಯಲ್ಲಿದೆ. ಮೂತಿ ತಗ್ಗಿದ್ದರೆ ಗಾಳಿ ಮೇಲಿರುವ ಬಾಲಕ್ಕೆ ಏರಿ ಕೂರುತ್ತದೆ. ಅಲ್ಲಿಂದ ಹೊರಗೆ ಹೋಗಲು ದಾರಿಯೇ ಇಲ್ಲ.

"ಮಾರ್ಗೆತ್, ಹಿಡ್ಕೊ ಆ ಕಡೆ. ತಿರುಗಿಸೋಣ."

"ಮೂತಿ ಮನೆ ಕಡೆಗಾ? ಹೊರಡೋ ವಾರದಲ್ಲಿ?" ಮಾರ್ಗೆತ್ ನಗುತ್ತಲೇ ಕೇಳಿದರೂ ಕೈ ಮುಂದೆ ಚಾಚಲಿಲ್ಲ. "ಮಾವ ಇದ್ದಿದ್ರೆ ಊಟ ಹಾಕ್ತಿರ್ಲಿಲ್ಲ ನಿಮಗೆ. ಹೋದ ವರ್ಷ ತಿರುಗಿದ್ದು ಸಾಲದಾ?"

ಅಪ್ಪನ ಮಾತು ಮೀರಲು ಸುನ್ನಾಳಿಗೂ ಅಳುಕಿತ್ತು. ಆದರೂ ಸೀಟಿನ ಒಂದು ಬದಿ ಹಿಡಿದಳು.

"ಹೋದ ವರ್ಷ ಮೂತಿ ನದಿ ಕಡೆಗೇ ಇತ್ತಲ್ಲೇ," ಎಂದಳು. "ತಿರುಗಲಿಲ್ವಾ? ಅಪ್ಪನಿಗೆ ನಾನು ಹೇಳ್ಕೋತೀನಿ, ನೀನು ಎತ್ತು."

ಇಬ್ಬರೂ ಸೇರಿ ಗಾಡಿಯನ್ನು ತಿರುಗಿಸಿ, ಜಾರುಹಲಗೆಗಳನ್ನು ಹಿಮದ ದಿಬ್ಬಕ್ಕೆ ಏರಿಸಿ, ಅಡಿಗೆ ಬರ್ಚ್ ಮರದ ದಿಮ್ಮಿ ಕೊಟ್ಟರು. ಸ್ಕೂಟರ್ ಈಗ ಮೆಟ್ಟಿಲ ಮೇಲೆ ಮುಂಗಾಲಿಟ್ಟ ಪುಟ್ಟಿಯೇ. ಎಂಜಿನ್ ಆರುವ ತನಕ ಫ್ಲಾಸ್ಕಿನ ಕಾಫಿ ಮುಗಿಸಿದರು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಮುಖವೇ ಬೇಯುತ್ತದೆ. ಆಮೇಲೆ ಮುಚ್ಚಳ ತೆಗೆದು ಎಂಜಿನ್ ಮೆಲ್ಲಗೆ ಓಡಲು ಬಿಟ್ಟಳು. ಮಂಡಿಯೂರಿ, ಹಿಂದಿನಿಂದ ಮುಂದಕ್ಕೆ ಪೈಪುಗಳನ್ನು ಹಿಸುಕುತ್ತ ಬಂದಳು.

ಮೊದಲು ಏನೂ ಇಲ್ಲ. ಆಮೇಲೆ ಒಂದು ಗುಳ್ಳೆ. ಇನ್ನೊಂದು. ಆಮೇಲೆ "ಡರ್ರ್" ಎಂದು ಎಂಥ ತೇಗು ಬಂತೆಂದರೆ, ಪುಟ್ಟಿ ಬೆದರಿ ಬೇಲಿಯ ತನಕ ಓಡಿತು.

"ಅಯ್ಯೋ, ನಿಮ್ಮ ತಮ್ಮ ಊಟ ಆದ್ಮೇಲೆ ಹೀಗೇ!" ಎಂದು ಮಾರ್ಗೆತ್ ಹಿಮದ ಮೇಲೆ ಕೂತು ನಕ್ಕಳು.

ಗಾಳಿ ಹೋದಷ್ಟೂ ಕೂಲಂಟ್ ಇಳಿಯಿತು. ಎರಡು ದೊಡ್ಡ ಲೋಟದಷ್ಟು ಸುರಿಯಬೇಕಾಯಿತು. ಗುಳ್ಳೆ ನಿಂತ ಮೇಲೂ ಅವಳು ಬಿಡಲಿಲ್ಲ, ಇನ್ನೊಂದು ಸುತ್ತು ಹಿಸುಕಿದಳು. ಹಿಂದಿನ ತಟ್ಟೆಯ ತುದಿಯಲ್ಲಿ ಬಿಳಿ ಇಬ್ಬನಿ ಮೊದಲು ಮಂಕಾಯಿತು, ಆಮೇಲೆ ಕರಗಿ ತೊಟ್ಟಿಕ್ಕಿತು.

ಗುರುವಾರ ಕೆರೆಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಹಿಮ ಗಾಜಿನಷ್ಟು ಗಟ್ಟಿ. ಇಸ್ಸಾತ್ ಬೇಕೆಂದೇ ನಿಧಾನವಾಗಿ ನಡೆದ. ನಡುವೆ ನಿಂತು ತಂಬಾಕಿನ ಪೈಪ್ ಹಚ್ಚಿದ. ಸುನ್ನಾಳ ಕಣ್ಣು ದೀಪದ ಮೇಲಿತ್ತು. ಕೆರೆಯ ನಡುಮಧ್ಯೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಏರಿತು, ಇನ್ನಷ್ಟು ಏರಿತು. ಆಗ ಮೂತಿಯೊಳಗೆ ಫ್ಯಾನ್ ಭರ್ರೆಂದು ಶುರುವಾಯಿತು. ಮುಳ್ಳು ನಿಂತಿತು, ನಡುಗಿತು, ಕೆಳಗಿಳಿಯಿತು.

ಆ ದಡದಲ್ಲಿ ಇಸ್ಸಾತ್ ಗಾಡಿಯ ಸುತ್ತ ಒಂದು ಸಲ ಬಂದ. "ಆ ಸದ್ದೇನಕ್ಕ?"

"ನಿನ್ನ ಹಾಗೆ ಜಂಬ ಪಡ್ತಿದೆ. ಬಾಲ ಯಾರ್ದು?"

"ನಿಂದೇ, ನಿಂದೇ."

ಶನಿವಾರ ಮಂದೆ ಹೊರಟಿತು. ಎರಡನೆಯ ದಿನ ಮಧ್ಯಾಹ್ನ, ಒಂದು ಗಬ್ಬದ ಹೆಣ್ಣು ದಾರಿಯಲ್ಲೇ ಮಲಗಿಬಿಟ್ಟಿತು. ಮುಂದಿನವರ ಗಂಟೆಯ ಸದ್ದು ದಿಬ್ಬದಾಚೆ ಇಳಿಯಿತು. ಸುನ್ನಾ ಗದರಲಿಲ್ಲ. ಎಂಜಿನ್ ಆರಿಸದೆ, ಒಣಮಾಂಸದ ತುಂಡನ್ನು ಚಾಕುವಿನಿಂದ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಫ್ಯಾನ್ ಒಂದು ಸಲ ತಿರುಗಿ ಸುಮ್ಮನಾಯಿತು.

"ನಿನಗೆ ಸಾಕನಿಸೋವರೆಗೂ ಮಲಗು ತಾಯಿ," ಎಂದಳು. "ಈ ಸಲ ನನಗೇನೂ ಅವಸರ ಇಲ್ಲ."

ಸಾರಂಗ ಮೆಲುಕು ಹಾಕಿತು, ಕಿವಿ ಒದರಿತು. ಮೂರನೆಯ ತುಂಡು ಕತ್ತರಿಸುವಷ್ಟರಲ್ಲಿ ಅದು ಹಿಂಗಾಲೂರಿ ಎದ್ದು, ಗಂಟೆಯ ಕಡೆ ಮುಖ ಮಾಡಿ ನಡೆಯತೊಡಗಿತು.